ಕರಿಕಲ್ಲಿನ ಅಕ್ಕೋರು

ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳುವವರ ನಡುವೆಯೇ ನನ್ನ ನೌಕರಿ ಮುಗಿಯಿತು. ವಿಜಯಪುರದಲ್ಲಿ ವಿದ್ಯುತ್ ಕಚೇರಿಯ ಸೆಕ್ಷನ್ ಆಫೀಸರ್ ಆಗಿದ್ದವನ ಕಿವಿಗೆ ಬೇರೆ ಮಾತು ಬೀಳುವುದೇ ಅಪರೂಪ. ಹಿಟ್ಟಿನ ಗಿರಣಿಯವರು ಬೈಯುತ್ತಿದ್ದರು, ಮದುವೆ ಮನೆಯವರು ಗೋಗರೆಯುತ್ತಿದ್ದರು, ಬೋರಿನ ಮೋಟರು ಸುಟ್ಟುಕೊಂಡವರು ಟೇಬಲ್ ಗುದ್ದುತ್ತಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗಲೇ ಬಂದು, ಎದುರಿನ ಕುರ್ಚಿಯಲ್ಲಿ ಕುಳಿತು, "ಒಂದು ವಾರ ಒಂದ ಸವನ ಕರೆಂಟ್ ಹೋಗಲಾರದ ಟೈಮ್ ಯಾವಾಗ ಬರತೈತ್ರಿ?" ಎಂದು ಕೇಳಿದವರು ಅಕ್ಕೋರೊಬ್ಬರೇ.

"ಅಂಥಾ ಟೈಮ್ ಇನ್ನಾ ಹುಟ್ಟಿಲ್ರಿ," ಅಂದೆ. ಹೊರಗೆ ನಿಂತಿದ್ದ ಲೈನ್‌ಮನ್‌ಗಳು ಕಿಸಕ್ಕನೆ ನಕ್ಕರು.

ಅವರು ನಗಲಿಲ್ಲ. "ಒಂದ್ ಕ್ಷಣಾ ಹ್ವಾದ್ರೂ ನನ್ನ ಕೆಲಸ ಕೆಡತೈತ್ರಿ."

"ಏನ್ ಕೆಲಸಾರಿ ಅದು?"

"ಕಲ್ಲು ಬೇಯಸ್ತೇನ್ರಿ."

ಇದೆಲ್ಲೋ ತಲೆ ಕೆಟ್ಟ ಕೇಸು ಎಂದುಕೊಂಡೆ. ಅಷ್ಟರಲ್ಲಿ ಅವರು, ಕಾಗದ ಹಾರದಿರಲೆಂದು ನಾನು ಟೇಬಲ್ ಮೇಲೆ ಇಟ್ಟಿದ್ದ ಕರಿಕಲ್ಲನ್ನು ಎತ್ತಿ, ತಿರುವಿ, ಅಡಿಭಾಗ ನೋಡಿ, ಮೇಲಿದ್ದ ಮಗ್ಗುಲನ್ನು ಕೆಳಗೆ ಮಾಡಿ ಇಟ್ಟು ಎದ್ದುಹೋದರು. ಅಷ್ಟು ವರ್ಷ ನನ್ನೆದುರಿಗೇ ಇದ್ದ ಆ ಕಲ್ಲಿನ ಇನ್ನೊಂದು ಬದಿಯಲ್ಲಿ ಒಂದು ಬಿಳಿ ಗೆರೆ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎನ್ನುತ್ತೇವೆ. ಇವರು ಊರಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಹೆಸರು ಬರೆಯುವುದಿಲ್ಲ. ಕಸುಬಿನ ಪತ್ರಿಕೆ ಬಿಟ್ಟು ಬೇರೆಲ್ಲಾದರೂ ತಮ್ಮ ಹೆಸರು ಅಚ್ಚಾಗುವುದೆಂದರೆ ಹೌಹಾರುತ್ತಿದ್ದ ಜೀವ ಅದು. ಮಾಸಲು ಬಣ್ಣದ ಕಾಟನ್ ಸೀರೆ, ಕೆಳಗೆ ಗಂಡಸರು ಹಾಕುವಂಥ ದಪ್ಪ ಬೂಟು. "ಕಾಲ ಮ್ಯಾಲ ಕಬ್ಬಿಣ ಬೀಳಾಗ ಇವರು ಗಂಡಸೋ ಹೆಂಗಸೋ ಅಂತ ನೋಡಿ ಬೀಳೂದಿಲ್ರಿ," ಎನ್ನುತ್ತಿದ್ದರು. ಬಲಗೈಯ ಬೆರಳ ತುದಿಗಳು ಸುಟ್ಟು ಸುಟ್ಟು ಗಟ್ಟಿಯಾಗಿದ್ದವು. ಮದುವೆ ಆಗಿರಲಿಲ್ಲ. ಜಲನಗರದಲ್ಲಿ, ನಮ್ಮ ಮನೆಯ ಹಿಂದಿನ ಓಣಿಯಲ್ಲೇ, ಒಂದು ಮೇಲಂತಸ್ತಿನಲ್ಲಿ ಒಬ್ಬರೇ ಇದ್ದರು. ಅಷ್ಟು ಹತ್ತಿರ ಇದ್ದರೂ ನಾನಾಗಲಿ ನನ್ನ ಹೆಂಡತಿಯಾಗಲಿ ಅವರನ್ನು ಅದುವರೆಗೆ ಕಂಡದ್ದು ನೆನಪಿಲ್ಲ.

ಕಲ್ಲು ಬೇಯಿಸುವ ಒಲೆ ಇದ್ದದ್ದು ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ಒಂದು ಲೇಥ್ ಅಂಗಡಿಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ. ಕನೆಕ್ಷನ್ ಪರೀಕ್ಷೆ ಮಾಡುವ ನೆವದಿಂದ ಹೋಗಿ ನೋಡಿದೆ. ಆಳೆತ್ತರದ ಒಂದು ಉಕ್ಕಿನ ಒತ್ತುಯಂತ್ರ. ಪಕ್ಕದಲ್ಲಿ ಕೈಪಂಪು, ಮುಳ್ಳು ನಡುಗುವ ಒಂದು ದೊಡ್ಡ ಗೇಜು, ಕೆಂಪು ದೀಪದ ಒಂದು ಪೆಟ್ಟಿಗೆ. ಉತ್ತರದ ದೊಡ್ಡ ಸಂಸ್ಥೆಯೊಂದರಲ್ಲಿ ಅವರು ಎಳೆಯ ವಯಸ್ಸಿನಲ್ಲಿ ಇದೇ ಯಂತ್ರದ ಮೇಲೆ ಕೆಲಸ ಮಾಡಿದ್ದರಂತೆ. ಅಲ್ಲಿಗೆ ಹೊಸದು ಬಂದಾಗ ಹಳೆಯದನ್ನು ಗುಜರಿಗೆ ಹಾಕುತ್ತಿದ್ದಾರೆಂದು ಗೊತ್ತಾಗಿ ಲಾರಿಯ ಮೇಲೆ ಹೇರಿಸಿಕೊಂಡು ಬಂದಿದ್ದರು.

ಕಲ್ಲಿನ ಪುಡಿಯನ್ನು ಅಕ್ಕಿಕಾಳಿನಷ್ಟು ಬಂಗಾರದ ಕೊಳವೆಯಲ್ಲಿ ತುಂಬಿ, ಒಂದು ಹನಿ ನೀರು ಬಿಟ್ಟು, ಬಾಯಿ ಮುಚ್ಚಿ, ಯಂತ್ರದ ಹೊಟ್ಟೆಯಲ್ಲಿಟ್ಟು ಒತ್ತುತ್ತಾರೆ, ಕಾಯಿಸುತ್ತಾರೆ. ಎಷ್ಟು ಒತ್ತುತ್ತೀರಿ ಎಂದು ಕೇಳಿದೆ.

"ಕಬ್ಬು ಹೇರಿದ ಲಾರಿ ನೋಡೀರಲ್ಲ, ಬಬಲೇಶ್ವರದ ಕಡಿಂದ ಬರತಾವ? ಅಂಥಾದ್ದೊಂದು ಲಾರಿ ನಿಮ್ಮ ಹೆಬ್ಬೆರಳ ಉಗುರಿನ ಮ್ಯಾಲ ನಿಂತಂಗ್ರಿ. ನೆಲದಾಗ ಸೀದಾ ಕೆಳಗ, ಇಲ್ಲಿಂದ ಟಿಕೋಟಾ ದಾಟಿ ಅಥಣಿ ತನಕಾ ಹ್ವಾದಷ್ಟು ಆಳದಾಗ ಇರತೈತಲ್ಲ, ಅಷ್ಟು ಒತ್ತಡ."

"ಅಲ್ಲಿ ಏನ್ ಆಕ್ಕೈತ್ರಿ?"

ಅವರ ಮುಖ ನೋಡಬೇಕಿತ್ತು. ಮೊಮ್ಮಗುವಿನ ವಿಷಯ ಕೇಳಿದರೆ ಅಜ್ಜಿಯರ ಮುಖ ಹಾಗಾಗುತ್ತದೆ. "ನಮ್ಮ ಬಿಜಾಪುರದ ಕರಿಕಲ್ಲು ಐತಲ್ರಿ, ಮನಿ ಪಾಯಕ್ಕ, ರೋಡಿಗೆ, ಎಲ್ಲಾದಕ್ಕೂ ಹಾಕತಾರ. ಅದ ಕಲ್ಲು ಅಷ್ಟು ಆಳಕ್ಕ ಹ್ವಾದ್ರ ಕರಿ ಬಣ್ಣಾ ಬಿಟ್ಟು ಹಸರು ಆಕ್ಕೈತಿ. ಹಸರಿನ ನಡುವ ಕೆಂಪು ಕೆಂಪು ಗಾರ್ನೆಟ್ ಹರಳು ಹುಟ್ಟತಾವ. ಅದಕ್ಕ ಎಕ್ಲೊಗೈಟ್ ಅಂತಾರ್ರಿ." ಆ ಹೆಸರನ್ನು ನಿಧಾನವಾಗಿ, ಬಾಯಲ್ಲಿ ಬೆಲ್ಲ ಇಟ್ಟುಕೊಂಡವರಂತೆ ಹೇಳಿದರು. ಆಮೇಲೆ ಸ್ವಲ್ಪ ಸಂಕೋಚಪಟ್ಟು ಅಂದರು: "ಈ ಊರಾಗ ಈ ಹೆಸರು ಬ್ಯಾರೆ ಯಾರ ಬಾಯಾಗೂ ನಾ ಕೇಳಿಲ್ರಿ. ಒಮ್ಮೊಮ್ಮೆ ಬಾಗಲಾ ಹಾಕ್ಕೊಂಡು ನಾನ ಜೋರಾಗಿ ಅಂತೇನಿ. ಕಿವಿಗೆ ಬೀಳಲಿ ಅಂತ."

ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂತಳು. "ಅಯ್ಯ ನಮ್ಮವ್ವಾ, ಒಬ್ಬಾಕೀನ ಕೂತು ಕಲ್ಲಿನ ಹೆಸರು ಒದರತಾರಂತ? ನೀವರೆ ಹೋಗಿ ಅನ್ರಿ ಒಂದೀಟು." ಅಂದಿನಿಂದ ನಾನು ಫೋನು ಮಾಡಿದಾಗೆಲ್ಲ, "ಹೆಂಗದಾವ್ರಿ ನಿಮ್ಮ ಎಕ್ಲೊಗೈಟು?" ಎಂದೇ ಶುರು ಮಾಡುತ್ತಿದ್ದೆ. ನನ್ನ ಉಚ್ಚಾರ ಕೇಳಿ ಅವರು ನಗುತ್ತಾರೆ ಎಂದುಕೊಂಡಿದ್ದೆ. ಮೊದಲ ಸಲ ಕೇಳಿದಾಗ ಅವರು, "ಇನ್ನೊಮ್ಮೆ ಅನ್ರಿ," ಎಂದರು.

ಅವರ ಸ್ವಭಾವವೆಂದರೆ, ಯಾವುದನ್ನೂ ಒಂದೇ ಕಡೆಯಿಂದ ನೋಡಿ ಹೂಂ ಅನ್ನುತ್ತಿರಲಿಲ್ಲ. ಬದನೆಕಾಯಿ ಕೊಳ್ಳುವಾಗ ತಿರುವುತ್ತಾರೆ, ಅದು ಎಲ್ಲರೂ ಮಾಡುವುದೇ. ಇವರು ಜಗಳವನ್ನೂ ತಿರುವಿ ನೋಡುತ್ತಿದ್ದರು. ಒಮ್ಮೆ ನಾನು ನಮ್ಮ ಮೇಲಿನ ಸಾಹೇಬರ ಮೇಲೆ ಒಂದು ತಾಸು ದೂರು ಹೇಳಿಕೊಂಡೆ. ಅಷ್ಟನ್ನೂ ಕೇಳಿ, "ಅವರ ಕಡಿಂದ ಇದನ್ನ ಹೇಳ್ರಿ ನೋಡೂಣು," ಅಂದರು. ಸಿಟ್ಟು ಬಂತು. ಹೇಳುತ್ತಾ ಹೋದಂತೆ ನನ್ನ ದೂರು ಅರ್ಧಕ್ಕರ್ಧ ಕರಗಿತು. ಹಾಗೆ ಕರಗಿದ್ದು ನನಗೇನೂ ಸೇರಲಿಲ್ಲ, ಅದು ಬೇರೆ ಮಾತು.

ಅವರ ತವರೂರು ಕಳ್ಳಕವಟಗಿ. ಪ್ರಯೋಗದ ಕಲ್ಲು ತರಲು ಒಮ್ಮೆ ನನ್ನ ಕಾರಿನಲ್ಲಿ ಹೋಗಿದ್ದೆವು. ಹೋಗುವಾಗ ಟಿಕೋಟಾ ಮೇಲೆ. ಅವರಪ್ಪ ತೋಡಿಸಿದ ಬಾವಿಯ ದಂಡೆಯಲ್ಲಿ ಒಡೆದ ಕರಿಕಲ್ಲಿನ ಗುಡ್ಡೆ ಇನ್ನೂ ಇತ್ತು. ಹೊಲ ಮಾಡುತ್ತಿದ್ದ ತಮ್ಮ ಬಂದು ನೀರು ಕೊಟ್ಟ, ಚಾ ಕುಡಿಸಿದ. ಅಕ್ಕ ಗುಡ್ಡೆಯಲ್ಲಿ ಹುಡುಕುತ್ತಿದ್ದಾಗ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದ: "ಸಾಹೇಬ್ರ, ಊರ ಮಂದಿ ಅಕ್ಕ ಕಲ್ಲಾಗ ಬಂಗಾರ ತಗೀತಾಳಂತ ಮಾತಾಡತಾರ. ಖರೇನ್ರಿ?"

ನಿಜ ತಿರುಗುಮುರುಗಾಗಿತ್ತು. ಅವರವ್ವ ಮಗಳ ಮದುವೆಗೆಂದು ಎತ್ತಿಟ್ಟ, ಬಂಗಾರದ ಗುಂಡುಗಳ ಬೋರಮಾಳದ ಸರವೊಂದು ಇತ್ತು. ಅದರ ಒಂದೊಂದೇ ಗುಂಡನ್ನು ಪತ್ತಾರನ ಹತ್ತಿರ ಶುದ್ಧ ಮಾಡಿಸಿ ಕೊಳವೆ ಎಳೆಸಿ, ಅದರಲ್ಲೇ ಅವರು ಕಲ್ಲಿನ ಪುಡಿ ತುಂಬುತ್ತಿದ್ದುದು. ಬೇರೆ ಲೋಹವಾದರೆ ಒಳಗಿನ ಕಬ್ಬಿಣದ ಅಂಶವನ್ನು ಹೀರಿಕೊಳ್ಳುತ್ತದಂತೆ. "ಅವ್ವ ಇದ್ದಿದ್ರ ಬೈತಿದ್ಲು," ಎಂದು ಒಮ್ಮೆ ಅಂದಿದ್ದರು. ತಮ್ಮನಿಗೆ ಮಾತ್ರ, ಹಾಗೇನಿಲ್ಲಪ್ಪಾ ಎಂದು ತೇಲಿಸಿದೆ.

ಹೊರಡುವಾಗ ಬಬಲೇಶ್ವರದ ಮೇಲೆ ಹೋಗೋಣ ಎಂದು ಹಟ ಹಿಡಿದರು. ಸುತ್ತು ದಾರಿ, ಬಿಸಿಲು ಬೇರೆ.

"ಬಂದ ದಾರೀಲೆ ಹ್ವಾದ್ರ ಲಗೂ ಮನಿ ಮುಟ್ಟತೀವ್ರೀ ಅಕ್ಕೋರ."

"ಹೋಗೂದು ಒಂದು ಕಡಿ, ಬರೂದು ಇನ್ನೊಂದು ಕಡಿ ಇದ್ರನ ಊರು ಎಲ್ಲಿ ಐತಿ ಅಂತ ತಿಳೀತೈತ್ರಿ," ಎಂದರು. ಆ ಸುತ್ತು ದಾರಿಯಲ್ಲಿ, ಎರಡೂ ಬದಿಗೆ ಕಬ್ಬು ನಿಂತಿದ್ದ ಕಡೆ, ಅವರು ತಮ್ಮ ಸಂಕಟ ಹೇಳಿಕೊಂಡರು.

ಎಳೆಯ ವಯಸ್ಸಿನಲ್ಲಿ ಅವರು ಕಾಗದದ ಮೇಲೆ ಒಂದು ಗೆರೆ ಎಳೆದಿದ್ದರು. ಗೆರೆಗಿಂತ ಹೆಚ್ಚಿನ ಒತ್ತಡದಲ್ಲಿ ಗಾರ್ನೆಟ್ ಉಳಿಯುತ್ತದೆ, ಕಡಿಮೆಯಾದರೆ ಉಳಿಯುವುದಿಲ್ಲ. ಕರಿಕಲ್ಲಿನ ಪುಡಿಯನ್ನು ಒತ್ತುತ್ತಾ ಹೋಗಿ, ಗಾರ್ನೆಟ್ ಕಾಣಿಸಿದ ಜಾಗದಲ್ಲಿ ಎಳೆದ ಗೆರೆ ಅದು. ಆದರೆ ಇಂಥ ಗೆರೆಯನ್ನು ಎರಡೂ ಕಡೆಯಿಂದ ನೋಡಬೇಕು ಎಂಬುದು ಅವರ ಕಸುಬಿನ ಮೊದಲ ಪಾಠ. ಮೊದಲೇ ಒಂದಿಷ್ಟು ಗಾರ್ನೆಟ್ ಬೆರೆಸಿದ ಪುಡಿಯನ್ನು ಗೆರೆಯ ಕೆಳಗೆ ಇಟ್ಟು, ಅದು ಕರಗುತ್ತದೆಯೋ ಬೆಳೆಯುತ್ತದೆಯೋ ಎಂದು ನೋಡಬೇಕು. ಅದು ವಾಪಸ್ ಪ್ರಯೋಗ. ಅದನ್ನು ಮಾಡಬೇಕೆನ್ನುವಷ್ಟರಲ್ಲಿ ಉತ್ತರದ ಆ ಸಂಸ್ಥೆಯಲ್ಲಿ ಅವರ ಅವಧಿ ಮುಗಿಯಿತು. ಗುರುಗಳು ಇಷ್ಟು ಸಾಕು ಎಂದು ಅಚ್ಚಿಗೆ ಕಳಿಸಿದರು. ಇವರು ಊರಿಗೆ ಬಂದು ಕಾಲೇಜು ಸೇರಿದರು.

"ಹುಟ್ಟೂ ಹರಳಿಗೆ ಆಲಸ್ಯ ಇರತೈತ್ರಿ. ಒತ್ತಡ ಸಾಕಾದ್ರೂ ತಟ್ನ ಹುಟ್ಟೂದಿಲ್ಲ, ಇನ್ನಾ ಒತ್ತಲಿ ಅಂತ ಕೂಡತೈತಿ. ಹಂಗ ಆಗಿದ್ರ ನನ್ನ ಗೆರಿ ಇರಬೇಕಾದ ಜಾಗಾಕ್ಕಿಂತ ಮ್ಯಾಲ ಕುಂತೈತಿ. ಆ ಗೆರಿ ನೋಡಿ, ಹಿಮಾಲಯದ ಕಲ್ಲು ಎಷ್ಟು ಆಳಕ್ಕ ಹೋಗಿ ಬಂದೈತಿ ಅಂತ ಎಷ್ಟೋ ಮಂದಿ ಲೆಕ್ಕಾ ಮಾಡ್ಯಾರ. ನನ್ನ ತಪ್ಪು ಅವರ ಲೆಕ್ಕದಾಗ ಹೋಗಿ ಕುಂತೈತೋ ಏನೋ. ಸಾಯೂದ್ರಾಗ ಅದೊಂದು ತಿಳೀಬೇಕ್ರಿ ನನಗ."

ಕಾಲು ನೋವು, ಸಕ್ಕರೆ ಕಾಯಿಲೆ ಇದ್ದವರಿಗೆ ಈ ವಯಸ್ಸಿನಲ್ಲಿ ಇದೆಂಥ ಚಿಂತೆ ಎಂದು ನನಗೆ ಅನ್ನಿಸಿತು. ಕಾರು ನಿಲ್ಲಿಸಿ ಇಬ್ಬರೂ ಕಬ್ಬಿನ ಹಾಲು ಕುಡಿದೆವು. ಸಕ್ಕರೆ ಇದ್ದವರು ಎರಡು ಗ್ಲಾಸು ಕುಡಿದರು.

ಆಮೇಲಿನದು ನನ್ನ ಪಾಡು. ಅವರು ಪ್ರಯೋಗ ಹೂಡುವುದು, ನನ್ನ ಲೈನು ಕೈಕೊಡುವುದು. ಒಮ್ಮೆ ಗಣಪತಿ ಮೆರವಣಿಗೆಗೆ ತಂತಿ ತೆಗೆಯಬೇಕಾಯಿತು. ಒಮ್ಮೆ ಅಳಿಲು ಟ್ರಾನ್ಸ್‌ಫಾರ್ಮರಿನಲ್ಲಿ ಸತ್ತಿತು. ಬ್ಯಾಟರಿ ತಂದರು, ಆ ಒಲೆಯ ಹಸಿವಿಗೆ ಅದು ಅರೆಗಳಿಗೆಯಲ್ಲೇ ಸುಸ್ತಾಯಿತು. ಎರಡೋ ಮೂರೋ ದಿನದಲ್ಲಿ ನಿಂತ ಪ್ರಯೋಗ ತೆಗೆದು ನೋಡಿದರೆ ಏನೂ ಆಗಿರುತ್ತಿರಲಿಲ್ಲ, ಅಷ್ಟು ನಿಧಾನ ಆ ಕಲ್ಲುಗಳದ್ದು. ಬೋರಮಾಳದ ಸರ ಸಣ್ಣದಾಗುತ್ತಾ ಬಂತು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಊರಿಗೆ ಹೋಗಬೇಕಾದಾಗ ಶೆಡ್ಡಿನ ಕೀಲಿ ನನಗೆ ಕೊಟ್ಟು, ಗೇಜಿನ ಮುಳ್ಳು ಇಳಿದರೆ ಪಂಪಿನ ಹಿಡಿಕೆ ಹೇಗೆ ಮೆಲ್ಲಗೆ ಒತ್ತಬೇಕೆಂದು ಕಲಿಸಿಕೊಟ್ಟಿದ್ದರು.

ಇನ್ನೊಂದೂ ಕಲಿಸಿದ್ದರು. ಪ್ರಯೋಗ ಮುಗಿಸುವಾಗ ಶಾಖವನ್ನು ಮೆಲ್ಲಗೆ ಇಳಿಸಬಾರದು. "ಹಗೂರಕ ಇಳಿಸಿದ್ರ ಹರಳು ದಾರ್ಯಾಗ ಬದಲಾಗಿಬಿಡತಾವ್ರಿ. ಪಟ್ನ ಕರೆಂಟ್ ತಗೀಬೇಕು. ಆಗ ಅವು ಅಲ್ಲಿ ಹೆಂಗ ಇದ್ವೋ ಹಂಗ ಸಿಗತಾವ. ಒತ್ತಡ ಆಮ್ಯಾಲ ಹಗೂರಕ ಬಿಡಬೇಕು." ಇಷ್ಟು ದಿನ ಕರೆಂಟ್ ತೆಗೆಯಬೇಡಿ ಎಂದು ಕಾಡಿದವರ ಕೆಲಸದ ಕೊನೆಯೂ ಕರೆಂಟ್ ತೆಗೆಯುವುದೇ ಎಂದು ಕೇಳಿ ನಕ್ಕೆ.

ನನ್ನ ನಿವೃತ್ತಿಯ ವರ್ಷ ಒಂದು ಪ್ರಯೋಗ ಎಂದಿಲ್ಲದಂತೆ ನಡೆಯುತ್ತಾ ಹೋಯಿತು. ಇನ್ನೇನು ಮುಗಿಯಬೇಕು, ಒಂದು ಸಂಜೆ ಗಾಳಿಗೆ ಬೇವಿನ ಟೊಂಗೆ ಮುರಿದು ಇಬ್ರಾಹಿಂಪುರದ ಲೈನಿನ ಮೇಲೆ ಬಿತ್ತು. ಸ್ಕೂಟರ್ ಓಡಿಸಿಕೊಂಡು ಹೋದೆ. ಅಕ್ಕೋರು ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕುಳಿತು ಲೇಥ್ ಮೇಸ್ತ್ರಿಯ ಜೊತೆ ಚಾ ಕುಡಿಯುತ್ತಿದ್ದರು.

"ಹೋತ್ರಿ?" ಅಂದೆ.

"ಹೋತ್ರಿ. ನಾಳಿ ಮುಂಜಾನೆ ನಾನ ತಗಿಯಾಕಿ ಇದ್ದೆ. ಇಷ್ಟು ವರ್ಷದಾಗ ಒಮ್ಮೆರೆ ಸರಿಯಾದ ಟೈಮಿಗೆ ಕರೆಂಟ್ ತಗದೀರಿ ನೋಡ್ರಿ!"

ಮೇಸ್ತ್ರಿ ಬಿದ್ದು ಬಿದ್ದು ನಕ್ಕ. ಅವರೂ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದರಲ್ಲಿ ಗಾರ್ನೆಟ್ ಕರಗಿರಲಿಲ್ಲ, ಬೆಳೆದಿತ್ತು. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಹಳೆಯ ಕೆಂಪು ಚೂರಿನ ಸುತ್ತ ತೆಳು ಬಣ್ಣದ ಹೊಸ ಅಂಚು. ಹೆಚ್ಚಿನ ಪರೀಕ್ಷೆಗೆಂದು ದೂರದ ಸಂಸ್ಥೆಯೊಂದಕ್ಕೆ ಅಂಚೆಯಲ್ಲಿ ಕಳಿಸಿದರು, ಅಲ್ಲಿಂದಲೂ ಹಾಗೇ ಉತ್ತರ ಬಂತು. ಎಲ್ಲಿ ಉಳಿಯುವುದಿಲ್ಲ ಎಂದು ಅವರು ಬರೆದಿದ್ದರೋ ಅಲ್ಲಿ ಅದು ಬೆಳೆದಿತ್ತು.

"ನನ್ನ ಗೆರಿ ತಪ್ಪಿತ್ರಿ," ಎಂದು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಹೇಳಿದರು. ಮುಖದಲ್ಲಿ ಬೆಳಕಿತ್ತು. ಸಮಾಧಾನ ಹೇಳಬೇಕೋ ಪೇಡೆ ಹಂಚಬೇಕೋ ತಿಳಿಯದೆ ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಇಡೀ ಜೀವಮಾನದ ಸುದ್ದಿ ಅದು. ಹೇಳಿಕೊಳ್ಳಲು ಅವರಿಗೆ ಸಿಕ್ಕವರು ಒಬ್ಬ ಲೈಟಿನ ಸಾಹೇಬ, ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ. ಅವರು ಹೋದ ಮೇಲೆ ನನಗೆ ಊಟ ಸೇರಲಿಲ್ಲ.

ಕಸುಬಿನ ಪತ್ರಿಕೆಗೆ ಬರೆದು ಕಳಿಸಿದ್ದು ವಾಪಸು ಬಂತು. ಒಂದು ಪ್ರಯೋಗ ಸಾಲದು, ಇನ್ನೂ ಕಡಿಮೆ ಒತ್ತಡದಲ್ಲಿ ಗಾರ್ನೆಟ್ ಕರಗುವುದನ್ನೂ ತೋರಿಸಿದರೆ ಮಾತ್ರ ಹೊಸ ಗೆರೆ ಎಲ್ಲಿದೆ ಎನ್ನಬಹುದು ಎಂದಿದ್ದರು. ನನಗೆ ಮೈಯೆಲ್ಲ ಉರಿಯಿತು. ಅಕ್ಕೋರು ಮಾತ್ರ, "ಅವರು ಅಂದದ್ದು ಖರೇನ ಐತ್ರಿ. ಹಳೇದು ಅಳಿಸಿದ್ರ ಆತೇನು? ಹೊಸಾದು ಎಲ್ಲಿ ಅಂತ ಹೇಳಬೇಕಲ್ಲ," ಎಂದು ಪತ್ತಾರನ ಅಂಗಡಿಗೆ ಹೋದರು. ಸರದಲ್ಲಿ ಒಂದೇ ಗುಂಡು ಉಳಿದಿತ್ತು.

ಆ ಪ್ರಯೋಗ ಹೂಡಿದ ಮೂರನೆಯ ಮುಂಜಾನೆ ಅವರ ಬಾಗಿಲಲ್ಲಿ ಹಾಲಿನ ಪಾಕೀಟು ಹಾಗೇ ಬಿದ್ದಿದ್ದನ್ನು ಕಂಡು ನನ್ನ ಹೆಂಡತಿ ಬಾಗಿಲು ಬಡಿದಳು. ನಿದ್ದೆಯಲ್ಲೇ ಹೋಗಿದ್ದರು.

ಕಳ್ಳಕವಟಗಿಯ ಹೊಲದಲ್ಲಿ, ಬಾವಿಯ ಹತ್ತಿರ ಮಣ್ಣು ಮಾಡಿದರು. ಎರೆಭೂಮಿ ತೆಗೆದು ಸ್ವಲ್ಪ ಕೆಳಗೆ ಹೋಗುತ್ತಲೇ ಗುದ್ದಲಿಗೆ ಕರಿಕಲ್ಲು ಹತ್ತಿತು. ಎಲ್ಲ ಮುಗಿದು ಬೇವಿನ ನೆರಳಲ್ಲಿ ಕುಳಿತಾಗ ತಮ್ಮ ಕಣ್ಣೊರೆಸಿಕೊಂಡು ಕೇಳಿದ: "ಸಾಹೇಬ್ರ, ಆ ಇಬ್ರಾಹಿಂಪುರದ ಮಶಿನ್ ಏನ್ ಮಾಡೂಣ್ರಿ? ನಮಗ ಅದರಾಗಿಂದು ಏನೂ ತಿಳೀಂಗಿಲ್ಲ."

ಆಗ ನೆನಪಾಯಿತು. ಅದು ಇನ್ನೂ ಉರಿಯುತ್ತಿದೆ.

ಕೈಕಾಲು ತೊಳೆದವನು ಟಿಕೋಟಾ ದಾರಿ ಹಿಡಿದು ಸೀದಾ ಶೆಡ್ಡಿಗೆ ಬಂದೆ. ಮೇಸ್ತ್ರಿ ಲೇಥ್ ನಿಲ್ಲಿಸಿ ಬಾಗಿಲಲ್ಲೇ ನಿಂತಿದ್ದ. "ಸಾಹೇಬ್ರ, ಬಂದ್ ಮಾಡಿಬಿಡ್ಲ್ಯಾ? ಅಕ್ಕೋರ ಇಲ್ಲಂದ ಮ್ಯಾಲ ಯಾರಿಗೆ..."

"ಮುಟ್ಟಬ್ಯಾಡ," ಅಂದೆ.

ಒಳಗೆ ಕೆಂಪು ದೀಪ ಉರಿಯುತ್ತಿತ್ತು. ಗೇಜಿನ ಮುಳ್ಳು ಸ್ವಲ್ಪ ಇಳಿದಿತ್ತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವರ ಅಕ್ಷರ: ಶುಕ್ರವಾರ ಮುಂಜಾನೆ. ಮಣ್ಣು ಹಾಕುವಾಗ ಬಾರದ ಅಳು ನನಗೆ ಅಲ್ಲಿ ಬಂತು. ಅಳುತ್ತಲೇ ಪಂಪಿನ ಹಿಡಿಕೆ ಹಿಡಿದು, ಅವರು ಕಲಿಸಿದಂತೆ ಮೆಲ್ಲಗೆ ಒತ್ತಿ, ಮುಳ್ಳನ್ನು ಜಾಗಕ್ಕೆ ತಂದೆ.

ನನ್ನ ಕುರ್ಚಿಗೆ ಬಂದಿದ್ದ ಹೊಸ ಆಫೀಸರಿಗೆ ಫೋನು ಮಾಡಿದೆ. "ಶುಕ್ರವಾರದ ತನಕಾ ಇಬ್ರಾಹಿಂಪುರದ ಲೈನ್ ತಗೀಬ್ಯಾಡಪ್ಪಾ."

"ಯಾಕ್ರಿ ಸರ್, ಏನರೆ ಕಾರ್ಯಕ್ರಮ ಐತೇನ್ರಿ?"

"ಹೂಂ, ಐತಿ."

ದಿನಾ ಹೋಗಿ ಕುಳಿತೆ. ಅದೇನು ಕಾಕತಾಳೀಯವೋ, ಆ ಹುಡುಗನ ದೊಡ್ಡತನವೋ, ಆ ವಾರ ಕರೆಂಟ್ ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಅವರಿದ್ದಾಗ ಒಂದು ವಾರ ಪೂರ್ತಿ ಹೀಗೆ ನಡೆಸಿಕೊಡಲು ನನ್ನಿಂದ ಆಗಿರಲಿಲ್ಲ. ಮಗ್ಗುಲಲ್ಲಿ ರೈಲು ಹೋದಾಗ ತಗಡು ನಡುಗುತ್ತಿತ್ತು. ಈ ಶೆಡ್ಡಿನಲ್ಲಿ ಒಬ್ಬರೇ ಕುಳಿತರೆ ಹೊತ್ತು ಎಷ್ಟು ಉದ್ದ ಎಂಬುದು ಆ ದಿನಗಳಲ್ಲಿ ತಿಳಿಯಿತು. ಅವರು ಯಾಕೆ ಆ ಹೆಸರನ್ನು ಜೋರಾಗಿ ಅನ್ನುತ್ತಿದ್ದರೆಂದೂ ತಿಳಿಯಿತು. ನಾನೂ ಅಂದೆ.

ಶುಕ್ರವಾರ ಮುಂಜಾನೆ ಸ್ವಿಚ್ಚಿನ ಮೇಲೆ ಕೈ ಇಟ್ಟೆ. ನೌಕರಿಯಲ್ಲಿ ಎಷ್ಟೋ ಸಲ ಊರಿಗೆ ಊರೇ ಕತ್ತಲು ಮಾಡಿದ ಕೈ ಅದು. ಪಟ್ಟನೆ ತೆಗೆಯಬೇಕು, ಮೆಲ್ಲಗೆ ಅಲ್ಲ. ತೆಗೆದೆ. ಕೆಂಪು ದೀಪ ಆರಿತು. ಒತ್ತಡವನ್ನು ಸಂಜೆಯವರೆಗೆ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಮೇಸ್ತ್ರಿಯ ನೆರವಿನಿಂದ ಬಿಚ್ಚಿ, ಚಪ್ಪಟೆಯಾದ ಆ ಬಂಗಾರದ ಕಾಳನ್ನು ಕುಂಕುಮದ ಡಬ್ಬಿಯಲ್ಲಿಟ್ಟು, ಅವರು ಹಿಂದೆ ಕಳಿಸಿದ್ದ ಅದೇ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಅವರು ಹೋದ ಸುದ್ದಿ ಬರೆದ ಒಂದು ಚೀಟಿ, ನನ್ನ ಫೋನ್ ನಂಬರು.

ಮೊನ್ನೆ ಮಧ್ಯಾಹ್ನ ಫೋನು ಬಂತು. ಎಳೆಯ ಹೆಣ್ಣುದನಿ, ಮೈಸೂರಿನ ಕಡೆಯ ಮಾತು. "ಸರ್, ನೀವೇ ಅಲ್ವಾ ಪಾರ್ಸೆಲ್ ಕಳ್ಸಿದ್ದು? ಮೇಡಂ ವಿಷ್ಯ ಓದಿ ತುಂಬಾ ಬೇಜಾರಾಯ್ತು. ನಾನು ಅವ್ರನ್ನ ನೋಡೇ ಇರ್ಲಿಲ್ಲ." ಸ್ವಲ್ಪ ತಡೆದು ಹೇಳಿದಳು: "ಗಾರ್ನೆಟ್ ಅಂಚು ಸುತ್ತಲೂ ಕರಗಿದೆ ಸರ್. ಹೋದ ಸಲ ಬೆಳೆದಿತ್ತು, ಈ ಸಲ ಕರಗಿದೆ. ಗೆರೆ ಇವೆರಡರ ಮಧ್ಯೆನೇ ಇದೆ. ನಾವಿಲ್ಲಿ ಬರೆದು ಮೇಡಂ ಹೆಸರಲ್ಲೇ ಕಳಿಸ್ತೀವಿ. ಈ ಪ್ರಯೋಗ ಮುಗಿಸಿದ್ದು ಯಾರು ಸರ್?"

"ಅವರ ಮಾಡಿದ್ದವ್ವಾ. ನಾ ಕರೆಂಟ್ ಅಷ್ಟ ತಗದೆ."

"ಎಷ್ಟು ಚೆನ್ನಾಗಿ ಸಿಕ್ಕಿದೆ ಗೊತ್ತಾ ಸರ್? ಅಷ್ಟು ಸಣ್ಣ ಚೂರಲ್ಲಿ ಎಕ್ಲೊಗೈಟ್ ಕರಗೋದು ಇಷ್ಟು ಸ್ಪಷ್ಟವಾಗಿ ಕಾಣೋದು ಅಪರೂಪ."

ಅಕ್ಕೋರನ್ನು ಬಿಟ್ಟು ಬೇರೆಯವರ ಬಾಯಿಂದ ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಸರ್? ಕೇಳಿಸ್ತಿದ್ಯಾ?"

"ಕೇಳತೈತವ್ವಾ," ಅಂದೆ. "ಆ ಕಲ್ಲಿನ ಹೆಸರು ಇನ್ನೊಮ್ಮೆ ಅನ್ನು."